ನಾಲ್ಕಕ್ಕಿಳಿಯದ ಎಂಟು: ಸಿಲಿಂಡರ್ ವಿರಾಮವನ್ನು ತಡೆಯುವ ಸಾಧನಗಳ ಕುರಿತು

ಅಮೆರಿಕದಲ್ಲಿ ಷೆವರ್ಲೆ ಸಿಲ್ವರಾಡೊ, ಟಾಹೊ, ಜಿಎಂಸಿ ಸಿಯೆರಾದಂಥ ದೊಡ್ಡ ಗಾಡಿಗಳನ್ನು ಇಟ್ಟುಕೊಂಡವರಲ್ಲಿ ಕೆಲವರು ಸ್ಟಿಯರಿಂಗ್ ಕೆಳಗೆ ತಪಾಸಣೆಗೆಂದು ಇರುವ ಒಬಿಡಿ ಪೋರ್ಟಿಗೆ ಪುಟ್ಟ ಸಾಧನವೊಂದನ್ನು ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ಅದರ ಕೆಲಸ ಒಂದೇ. ಭಾರ ಕಡಿಮೆಯಿದ್ದಾಗ ಎಂಟು ಸಿಲಿಂಡರಿನ ಎಂಜಿನ್ ತಾನಾಗಿ ನಾಲ್ಕಕ್ಕೆ ಇಳಿಯುವ ಏರ್ಪಾಡನ್ನು ಕಂಪನಿಯವರು ಮಾಡಿಟ್ಟಿರುತ್ತಾರೆ. ಈ ಸಾಧನ ಅದನ್ನು ನಡೆಯಗೊಡುವುದಿಲ್ಲ. ಜನರಲ್ ಮೋಟರ್ಸ್ ಆ ಏರ್ಪಾಡಿಗೆ ಆಕ್ಟಿವ್ ಫ್ಯೂಯೆಲ್ ಮ್ಯಾನೇಜ್‌ಮೆಂಟ್ ಎಂದು ಹೆಸರಿಟ್ಟಿದೆ, ಕ್ರೈಸ್ಲರ್ ಮಲ್ಟಿ ಡಿಸ್‌ಪ್ಲೇಸ್‌ಮೆಂಟ್ ಸಿಸ್ಟಮ್ ಎಂದು, ಹೋಂಡಾ ವೇರಿಯಬಲ್ ಸಿಲಿಂಡರ್ ಮ್ಯಾನೇಜ್‌ಮೆಂಟ್ ಎಂದು. ಈ ಟಿಪ್ಪಣಿಯಲ್ಲಿ ಎಲ್ಲಕ್ಕೂ ಸೇರಿ ಸಿಲಿಂಡರ್ ವಿರಾಮ ಎಂದಿದ್ದೇನೆ.

ಸಾಧನದ ಪರವಾಗಿ ಆಡುವ ಮಾತಿನಲ್ಲಿ ಎರಡು ಬೇರೆ ವಾದಗಳು ಬೆರೆತುಹೋಗಿವೆ. ಒಂದು, ನಾಲ್ಕರಿಂದ ಎಂಟಕ್ಕೆ, ಎಂಟರಿಂದ ನಾಲ್ಕಕ್ಕೆ ಹೋಗಿಬರುವಾಗಿನ ನಡುಕ ಮತ್ತು ಗುಂಯ್ಗುಡುವ ಸದ್ದು ನಿಲ್ಲುತ್ತದೆ ಎಂಬುದು. ಇನ್ನೊಂದು, ಎಂಜಿನ್ನಿನ ಆಯುಷ್ಯ ಹೆಚ್ಚುತ್ತದೆ, ವಾಲ್ವುಗಳನ್ನು ಎತ್ತುವ ಲಿಫ್ಟರ್ ಹೋಗುವುದಿಲ್ಲ, ಆಯಿಲ್ ಕುಡಿಯುವುದಿಲ್ಲ ಎಂಬುದು. ಮೊದಲನೆಯದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಪರೀಕ್ಷಿಸಿ ಒಪ್ಪಬಹುದು. ಎರಡನೆಯದಕ್ಕೆ ಈವರೆಗೆ ಮುಂದಿಟ್ಟಿರುವ ಆಧಾರ ಸಾಲದು ಎಂಬುದು ನನ್ನ ನಿಲುವು. ಯಾಕೆ ಸಾಲದು ಎಂಬುದನ್ನು ತಿಳಿಯಲು ಎಂಜಿನ್ನಿನ ಒಳಗಿಳಿದು ನೋಡಬೇಕು.

ಜನರಲ್ ಮೋಟರ್ಸಿನ 5.3 ಲೀಟರ್ ವಿ8 ಎಂಜಿನ್ 355 ಅಶ್ವಶಕ್ತಿ ಕೊಡಬಲ್ಲದು. ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗಲು ಅದರ ಹತ್ತನೇ ಒಂದು ಪಾಲಿನ ಆಸುಪಾಸು ಸಾಕು. ಆಗ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಕಿರಿದಾದ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಎಂಟೂ ಪಿಸ್ಟನ್ನುಗಳು ಶಕ್ತಿ ವ್ಯಯಿಸುತ್ತವೆ. ಆ ಶಕ್ತಿ ಚಕ್ರಕ್ಕೆ ಮುಟ್ಟುವುದಿಲ್ಲ. ನಾಲ್ಕು ಸಿಲಿಂಡರುಗಳನ್ನು ಸುಮ್ಮನಿರಿಸಿದರೆ ಉಳಿದ ನಾಲ್ಕು ಹೆಚ್ಚು ದುಡಿಯಬೇಕು, ಅದಕ್ಕಾಗಿ ಥ್ರಾಟಲ್ ಅಗಲವಾಗಿ ತೆರೆಯಬೇಕು, ತೆರೆದಷ್ಟೂ ಎಳೆತದ ನಷ್ಟ ತಗ್ಗುತ್ತದೆ. ಪೆಟ್ರೋಲ್ ಉಳಿಯುವುದು ಮುಖ್ಯವಾಗಿ ಇಲ್ಲಿ. ಸುಮ್ಮನಿರುವ ಸಿಲಿಂಡರಿನ ಎರಡೂ ಬಗೆಯ ವಾಲ್ವುಗಳು ಮುಚ್ಚಿಯೇ ಇರುತ್ತವೆ. ಒಳಗೆ ಸಿಕ್ಕಿಕೊಂಡ ಅನಿಲವನ್ನು ಪಿಸ್ಟನ್ ಮೇಲೇರುವಾಗ ಅದುಮುತ್ತದೆ, ಇಳಿಯುವಾಗ ಆ ಅನಿಲವೇ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಅದುಮಲು ಹೋದ ಶಕ್ತಿಯ ಬಹುಪಾಲು ಹೀಗೆ ಮರಳಿ ಬರುತ್ತದೆ.

ವಾಲ್ವು ಮುಚ್ಚಿಯೇ ಇರುವಂತೆ ಮಾಡುವ ಬಗೆಯಲ್ಲಿ ಕಂಪನಿಗಳು ಬೇರೆಬೇರೆ ದಾರಿ ಹಿಡಿದಿವೆ. ಜನರಲ್ ಮೋಟರ್ಸಿನ ದಾರಿಯಲ್ಲಿ ಲಿಫ್ಟರ್ ಎರಡು ತುಂಡಿನದು, ಒಂದರೊಳಗೆ ಒಂದು. ಸ್ಪ್ರಿಂಗಿನ ಬಲದಿಂದ ಹೊರಚಾಚಿದ ಪಿನ್ನುಗಳು ಎರಡನ್ನೂ ಬಿಗಿದಿಟ್ಟಿರುತ್ತವೆ. ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಆಜ್ಞೆ ಕೊಟ್ಟಾಗ ಸೊಲೆನಾಯ್ಡ್ ತೆರೆದು ಆಯಿಲ್ ಒತ್ತಡ ಆ ಪಿನ್ನುಗಳನ್ನು ಒಳಕ್ಕೆ ತಳ್ಳುತ್ತದೆ. ಬಿಗಿ ಕಳಚಿದ ಮೇಲೆ ಕ್ಯಾಮ್ ಎತ್ತಿದರೂ ಹೊರಭಾಗ ಮಾತ್ರ ಏರಿಳಿಯುತ್ತದೆ, ಒಳಭಾಗ ನಿಂತಲ್ಲೇ ನಿಲ್ಲುತ್ತದೆ, ವಾಲ್ವು ತೆರೆಯುವುದಿಲ್ಲ. 1, 4, 6, 7ನೇ ಸಿಲಿಂಡರುಗಳಿಗೆ, ಅಂದರೆ ಎಂಟು ವಾಲ್ವುಗಳಿಗೆ, ಇಂಥ ಲಿಫ್ಟರ್ ಇರುತ್ತದೆ; ಉಳಿದ ಎಂಟಕ್ಕೆ ಸಾಮಾನ್ಯ ಲಿಫ್ಟರ್. 2019ರ ಸಿಲ್ವರಾಡೊದಿಂದ ಬಂದ ಡೈನಾಮಿಕ್ ಫ್ಯೂಯೆಲ್ ಮ್ಯಾನೇಜ್‌ಮೆಂಟಿನಲ್ಲಿ ಹದಿನಾರೂ ಲಿಫ್ಟರುಗಳು ಈ ಜಾತಿಯವೇ. ಕ್ಯಾಲಿಫೋರ್ನಿಯಾದ ಟ್ಯೂಲಾ ಟೆಕ್ನಾಲಜಿ ರೂಪಿಸಿದ ವಿಧಾನದ ಮೇಲೆ ನಿಂತ ಈ ವ್ಯವಸ್ಥೆ 17 ಬಗೆಯ ಉರಿಯುವ ಕ್ರಮಗಳ ನಡುವೆ ಆಯ್ದುಕೊಳ್ಳುತ್ತದೆ.

ಈಗ ಸದ್ದಿನ ಮಾತು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ನಿಮಿಷಕ್ಕೆ 1,500 ಸುತ್ತಿನಲ್ಲಿ ಓಡುವ ವಿ8ರಲ್ಲಿ ಸೆಕೆಂಡಿಗೆ 100 ಉರಿಗಳಾಗುತ್ತವೆ. ಅದೇ ವೇಗದಲ್ಲಿ ನಾಲ್ಕೇ ಉರಿದರೆ 50. ಆರು ಸಿಲಿಂಡರಿನ ಹೋಂಡಾ ಮೂರಕ್ಕಿಳಿದರೆ 75 ಇದ್ದದ್ದು 37.5ಕ್ಕೆ ಇಳಿಯುತ್ತದೆ. ಪ್ರತಿ ಉರಿಯ ಏಟೂ ಮೊದಲಿಗಿಂತ ಜೋರಾಗಿರುತ್ತದೆ, ಏಕೆಂದರೆ ಅದೇ ಕೆಲಸವನ್ನು ಅರ್ಧದಷ್ಟು ಸಿಲಿಂಡರುಗಳು ಮಾಡಬೇಕು. ಈ ಕೆಳದನಿಯ ಬಡಿತಕ್ಕೆ ಗಾಡಿಯ ತಗಡು, ಸೀಟು, ಸೈಲೆನ್ಸರ್ ಕೊಳವೆ ಎಲ್ಲವೂ ಕಂಪಿಸುತ್ತವೆ. ಹೋಂಡಾದವರು ಇದನ್ನು ಅಡಗಿಸಲೆಂದೇ ಎಂಜಿನ್ನಿಗೆ ಎದುರು ಕಂಪಿಸುವ ಮೌಂಟುಗಳನ್ನು ಇಟ್ಟರು, ಒಳಗಿನ ಸ್ಪೀಕರಿನಿಂದ ಪ್ರತಿಸದ್ದು ಹೊರಡಿಸಿದರು. ಗಾಡಿ ಹಳತಾಗಿ ಮೌಂಟು ಸೋತರೆ ಮುಚ್ಚಿಟ್ಟ ನಡುಕ ಹೊರಬೀಳುತ್ತದೆ. ಓಡಿಸುವವರ ದೂರು ಕೇವಲ ಕಲ್ಪನೆಯಲ್ಲ, ಅದರ ಹಿಂದೆ ಲೆಕ್ಕವಿದೆ ಎಂದು ಒತ್ತಿ ಹೇಳಬೇಕು.

ಸಿಲಿಂಡರ್ ವಿರಾಮವನ್ನು ನಿಲ್ಲಿಸುವ ಬಯಕೆ ಸಿಲಿಂಡರ್ ವಿರಾಮದಷ್ಟೇ ಹಳೆಯದು. 1973ರ ತೈಲ ನಿರ್ಬಂಧದ ನಂತರ, 1975ರ ಕಾಯಿದೆಯಿಂದ, ಅಮೆರಿಕದ ಪ್ರತಿ ಕಂಪನಿಯೂ ತಾನು ಮಾರುವ ಗಾಡಿಗಳ ಸರಾಸರಿ ಮೈಲೇಜನ್ನು ಒಂದು ಮಟ್ಟಕ್ಕೆ ತರಬೇಕಾಯಿತು. ದೊಡ್ಡ ಎಂಜಿನ್ ಬಿಡಲೊಲ್ಲದ ಕ್ಯಾಡಿಲಾಕ್ 1981ರಲ್ಲಿ ವಿ8-6-4 ಎಂಬ ಎಂಜಿನ್ ತಂದಿತು. ಸಂದರ್ಭಕ್ಕೆ ತಕ್ಕಂತೆ ಎಂಟು, ಆರು, ನಾಲ್ಕು ಸಿಲಿಂಡರುಗಳಲ್ಲಿ ಓಡುವ ಆ ಎಂಜಿನ್ನಿಗೆ ಈಟನ್ ಕಂಪನಿಯ ಸೊಲೆನಾಯ್ಡುಗಳಿದ್ದವು. ಎಷ್ಟು ಸಿಲಿಂಡರ್ ದುಡಿಯುತ್ತಿವೆ ಎಂದು ಮುಂದಿನ ಫಲಕದಲ್ಲಿ ಅಂಕಿ ಮೂಡುತ್ತಿತ್ತು. ಅಂದಿನ ಕಂಪ್ಯೂಟರ್ ಆ ವೇಗಕ್ಕೆ ಸಾಲಲಿಲ್ಲ. ಗಾಡಿ ಜಗ್ಗತೊಡಗಿತು, ದೂರುಗಳು ಬಂದವು, ಅನೇಕ ಮಾಲೀಕರು ಮೆಕ್ಯಾನಿಕ್ಕಿನ ಬಳಿ ವ್ಯವಸ್ಥೆಯ ಸಂಪರ್ಕವನ್ನೇ ಕಳಚಿಸಿ ಮಾಮೂಲು ವಿ8 ಆಗಿ ಓಡಿಸಿದರು. ಬಹುಪಾಲು ಮಾದರಿಗಳಲ್ಲಿ ಒಂದೇ ವರ್ಷಕ್ಕೆ ಅದು ನಿಂತುಹೋಯಿತು. ಇಂದಿನ ಸಾಧನ ಅಂದು ವೈರ್ ಕಳಚಿದವರ ವಂಶದ್ದೇ, ದಾರಿ ಮಾತ್ರ ಬೇರೆ.

ಆ ದಾರಿಗಳನ್ನು ಬೇರ್ಪಡಿಸಿ ನೋಡದಿದ್ದರೆ ಚರ್ಚೆ ಕಲಸುಮೇಲೋಗರವಾಗುತ್ತದೆ. ಹೋಂಡಾ ಗಾಡಿಗಳಿಗೆ ಮಾರುವ ಸಾಧನ ಒಬಿಡಿ ಪೋರ್ಟಿಗೆ ಹೋಗುವುದೇ ಇಲ್ಲ. ಅದು ಕೂಲೆಂಟ್ ತಾಪದ ಸೆನ್ಸರ್ ಮತ್ತು ಅದರ ವೈರಿನ ನಡುವೆ ಕೂರುವ ರೆಸಿಸ್ಟರ್. ಸೆನ್ಸರ್ ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ನಡುವೆ ಇನ್ನಷ್ಟು ರೋಧ ಸೇರಿಸಿದರೆ ಎಂಜಿನ್ ಇರುವುದಕ್ಕಿಂತ ತಂಪಾಗಿದೆ ಎಂದು ಇಸಿಯು ನಂಬುತ್ತದೆ. ಸುಮಾರು 75 ಡಿಗ್ರಿ ಸೆಲ್ಸಿಯಸ್ ಮುಟ್ಟುವತನಕ ಸಿಲಿಂಡರ್ ವಿರಾಮ ಶುರುವಾಗದಂತೆ ಹೋಂಡಾ ಬರೆದಿರುವುದರಿಂದ, ತೋರುವ ತಾಪ ಅದಕ್ಕಿಂತ ಕೆಳಗೆ ನಿಂತರೆ ಆರೂ ಸಿಲಿಂಡರ್ ಸದಾ ದುಡಿಯುತ್ತವೆ. ಉಪಾಯ ಸರಳವಾಗಿದೆ, ಆದರೆ ನನಗೆ ಇದು ಒಪ್ಪಿಗೆಯಲ್ಲ. ಡ್ರೈವರ್ ಮುಂದಿನ ತಾಪದ ಮುಳ್ಳೂ ಅದೇ ಸೆನ್ಸರಿನ ಮಾತು ಕೇಳುತ್ತದೆ. ರೇಡಿಯೇಟರ್ ಸೋರಿ ಎಂಜಿನ್ ನಿಜವಾಗಿಯೂ ಕಾಯತೊಡಗಿದರೆ ಎಚ್ಚರಿಕೆ ತಡವಾಗಿ ಬರುತ್ತದೆ. ಚಳಿ ಪ್ರದೇಶಗಳಲ್ಲಿ ಥರ್ಮೋಸ್ಟಾಟ್ ಕೆಟ್ಟಿದೆ ಎಂಬ ಪಿ0128 ಸಂಕೇತವೂ ಮೂಡಬಹುದು. ಒಂದು ತೊಂದರೆಯನ್ನು ತಪ್ಪಿಸಲು ಎಂಜಿನ್ನಿನ ಅತಿ ಮುಖ್ಯ ಅಳತೆಯನ್ನೇ ಸುಳ್ಳಾಗಿಸುವುದು ದುಬಾರಿ ವ್ಯಾಪಾರ.

ಹೋಂಡಾ ಮಾಲೀಕರ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮನೆ ಮುಂದೆ ಒಡಿಸಿ ವ್ಯಾನ್ ಕಾಣುವುದು ಅಪರೂಪವಲ್ಲ. ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ, ಸೂಟ್‌ಕೇಸುಗಳು ಎಲ್ಲ ಹಿಡಿಸುವ ಗಾಡಿ ಅದು. 2008ರಿಂದ 2013ರವರೆಗಿನ ಒಡಿಸಿ, 2008ರಿಂದ 2012ರ ವಿ6 ಅಕಾರ್ಡ್, 2009ರಿಂದ 2013ರ ಪೈಲಟ್‌ಗಳಲ್ಲಿ ಆಯಿಲ್ ಉರಿದು ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟಿ ಎಂಜಿನ್ ಮಿಸ್ಸಿಂಗ್ ಹೊಡೆಯುವ ದೂರು ಬಂತು. 2012ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ಮೊಕದ್ದಮೆ ಹೂಡಲಾಯಿತು, ಮರುವರ್ಷ ರಾಜಿಯಾಯಿತು, ಮಿಸ್ಸಿಂಗ್ ತೊಂದರೆಗೆ ವಾರಂಟಿಯನ್ನು ಎಂಟು ವರ್ಷಕ್ಕೆ ಹೆಚ್ಚಿಸಲಾಯಿತು. ಇಂಥ ಗಾಡಿ ಇಟ್ಟುಕೊಂಡವರು ರೆಸಿಸ್ಟರಿನತ್ತ ಕೈಚಾಚಿದ್ದು ಸಹಜ.

ಜನರಲ್ ಮೋಟರ್ಸ್ ಗಾಡಿಗಳ ಸಾಧನ ಇದಕ್ಕಿಂತ ಪ್ರಾಮಾಣಿಕವಾದದ್ದು. ಯಾವ ಸೆನ್ಸರಿನ ಮಾತನ್ನೂ ಅದು ತಿರುಚುವುದಿಲ್ಲ. 1996ರಿಂದ ಅಮೆರಿಕದ ಎಲ್ಲ ಕಾರುಗಳಲ್ಲೂ ಇರುವ ಹದಿನಾರು ಪಿನ್ನಿನ ಪೋರ್ಟಿನಲ್ಲಿ 6 ಮತ್ತು 14ನೇ ಪಿನ್ನುಗಳು ಗಾಡಿಯ ಒಳಗಿನ ಕ್ಯಾನ್ ಎಂಬ ಜಾಲದವು, 16ನೆಯದು ನೇರ ಬ್ಯಾಟರಿಯದು. ಗ್ಯಾರೇಜಿನ ಸ್ಕ್ಯಾನರ್ ಇದೇ ಜಾಲದ ಮೂಲಕ ಇಸಿಯು ಜೊತೆ ಮಾತಾಡುತ್ತದೆ, ಒಂದೊಂದೇ ಸಿಲಿಂಡರಿನ ಸೊಲೆನಾಯ್ಡನ್ನು ಚಾಲೂ ಮಾಡಿ ನಿಲ್ಲಿಸಿ ಪರೀಕ್ಷಿಸಬಲ್ಲದು. ಸಿಕ್ಕಿಸುವ ಸಾಧನವೂ ಇದೇ ಬಾಗಿಲಿನಿಂದ ಇಸಿಯುವನ್ನು ಎಂಟು ಸಿಲಿಂಡರಿನಲ್ಲೇ ಹಿಡಿದಿಡುತ್ತದೆ. ಒಳಗಿನ ಪ್ರೋಗ್ರಾಂ ಬದಲಾಗುವುದಿಲ್ಲ. ಕಿತ್ತರೆ ಎಲ್ಲ ಮೊದಲಿನಂತೆ. ಹಲವು ಗಾಡಿಗಳ ಫಲಕದಲ್ಲಿ ವಿ8, ವಿ4 ಎಂದು ತೋರಿಸುವ ಪುಟವಿರುವುದರಿಂದ ಸಾಧನ ಹೇಳಿದ್ದನ್ನು ಮಾಡುತ್ತಿದೆಯೇ ಎಂದು ಮಾಲೀಕರೇ ನೋಡಿಕೊಳ್ಳಬಹುದು. ಗೇರನ್ನು ಕೈಯಿಂದ ಆಯುವ ಸ್ಥಾನದಲ್ಲಿಟ್ಟರೂ ಈ ಗಾಡಿಗಳಲ್ಲಿ ಹಲವು ಎಂಟರಲ್ಲೇ ನಿಲ್ಲುತ್ತವೆ ಎಂಬುದು ಮಾಲೀಕರಿಗೆ ಮೊದಲಿಂದಲೂ ಗೊತ್ತಿರುವ ಸಂಗತಿ. ಖರ್ಚಿಲ್ಲದೆ ಫಲ ನೋಡಬಯಸುವವರಿಗೆ ಅದೇ ಮೊದಲ ಪ್ರಯೋಗ.

ಪೋರ್ಟಿನಲ್ಲಿ ಸದಾ ಏನಾದರೂ ಕೂತಿರುವುದರಿಂದ ಆಗುವ ಸಣ್ಣ ತೊಂದರೆಗಳೂ ಇವೆ. ಹದಿನಾರನೇ ಪಿನ್ನಿನಲ್ಲಿ ಸದಾ ವಿದ್ಯುತ್ ಇರುವುದರಿಂದ ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಇಳಿಯಬಹುದು. ಇನ್ನು ಬಾಗಿಲು ತೆರೆದಿರುವುದೇ ಒಂದು ಪ್ರಶ್ನೆ. 2015ರಲ್ಲಿ ಇಬ್ಬರು ಭದ್ರತಾ ಸಂಶೋಧಕರು ಜೀಪ್ ಒಂದನ್ನು ದೂರದಿಂದಲೇ ಹತೋಟಿಗೆ ತೆಗೆದುಕೊಂಡು ತೋರಿಸಿದರು, ಸುಮಾರು 14 ಲಕ್ಷ ಗಾಡಿಗಳನ್ನು ಕಂಪನಿ ವಾಪಸು ಕರೆಸಿತು. ಅವರು ನುಗ್ಗಿದ್ದು ಒಬಿಡಿ ಪೋರ್ಟಿನಿಂದಲ್ಲ, ಮೊಬೈಲ್ ಜಾಲದ ಮೂಲಕ. ಆದರೂ ಅದರ ನಂತರ ಜೀಪ್ ತಯಾರಿಸುವ ಕ್ರೈಸ್ಲರ್ ಗುಂಪು 2018ರ ಮಾದರಿಗಳಿಂದ ಪೋರ್ಟು ಮತ್ತು ಒಳಜಾಲದ ನಡುವೆ ಭದ್ರತಾ ಗೇಟ್‌ವೇ ಇಟ್ಟಿತು. ಅಪರಿಚಿತ ಸಾಧನದ ಆಜ್ಞೆಗಳನ್ನು ಅದು ತಡೆಯುತ್ತದೆ.

ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸಾಧನ ಹಾಕಿದರೆ ಎಂಜಿನ್ ಹೆಚ್ಚು ಬಾಳುತ್ತದೆಯೇ?

ಮೊದಲು ಆಯಿಲ್ ವಿಚಾರ. 5.3 ಲೀಟರ್ ಎಂಜಿನ್ನುಗಳು ಆಯಿಲ್ ಕುಡಿಯುವ ದೂರಿಗೆ ಜನರಲ್ ಮೋಟರ್ಸ್ ತನ್ನ ಡೀಲರುಗಳಿಗೆ ಕಳಿಸಿದ ಸೇವಾ ಸೂಚನೆಯಲ್ಲಿ ಎರಡು ಕಾರಣಗಳನ್ನು ಹೆಸರಿಸಿತ್ತು: ಕ್ರ್ಯಾಂಕ್‌ಕೇಸಿನ ಆವಿ ಹೊರಹೋಗುವ ಹಾದಿಯಲ್ಲಿ ಆಯಿಲ್ ಎಳೆದುಹೋಗುವುದು, ಮತ್ತು ಸಿಲಿಂಡರ್ ವಿರಾಮ ವ್ಯವಸ್ಥೆಗೆ ಸೇರಿದ ಒತ್ತಡ ಬಿಡುಗಡೆಯ ವಾಲ್ವಿನಿಂದ ಕ್ರ್ಯಾಂಕ್‌ಕೇಸಿನೊಳಗೆ ಆಯಿಲ್ ಸಿಡಿಯುವುದು. ಎಂಜಿನ್ ಬಹಳ ಹೊತ್ತು ಹೆಚ್ಚು ವೇಗದಲ್ಲಿ ತಿರುಗಿದಾಗ, ಬಿಡಿಭಾಗಗಳ ಅಳತೆಯೂ ಮಿತಿಯ ಅಂಚಿನಲ್ಲಿದ್ದರೆ, ಸಿಡಿಯುವ ಆಯಿಲ್ ಹೆಚ್ಚಾಗಿ ಪಿಸ್ಟನ್ ರಿಂಗಿನ ತೋಡಿನಲ್ಲಿ ಕಿಟ್ಟ ಕಟ್ಟುತ್ತದೆ ಎಂಬುದು ಅದರ ವಿವರಣೆ. ಪರಿಹಾರವಾಗಿ ಆ ವಾಲ್ವಿಗೆ ಒಂದು ಮರೆತಗಡು ಹಾಕಿಸಿದರು, ವಾಲ್ವ್ ಕವರ್ ಬದಲಿಸಿದರು, ಪಿಸ್ಟನ್ ಶುದ್ಧ ಮಾಡಿಸಿದರು. ಇಲ್ಲಿ ಗಮನಿಸಬೇಕಾದ್ದು ಸ್ಪಷ್ಟವಾಗಿದೆ. ಹೆಚ್ಚು ವೇಗದ ತಿರುಗಾಟದಲ್ಲಿ ಆಯಿಲ್ ಸಿಡಿಯುವುದಕ್ಕೆ ಆ ಗಳಿಗೆಯಲ್ಲಿ ನಾಲ್ಕು ಸಿಲಿಂಡರ್ ಸುಮ್ಮನಿರಬೇಕೆಂದೇನೂ ಇಲ್ಲ. ವ್ಯವಸ್ಥೆ ನಡೆಯದಂತೆ ತಡೆದರೂ ಅದರ ವಾಲ್ವು, ಅದರ ಆಯಿಲ್ ಹಾದಿ ಒಳಗೇ ಇರುತ್ತವೆ. 2022ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯದ ಜ್ಯೂರಿ ಇದೇ ಪೀಳಿಗೆಯ 2011ರಿಂದ 2014ರ ಗಾಡಿಗಳ ವಿಷಯದಲ್ಲಿ 10.26 ಕೋಟಿ ಡಾಲರ್ ಪರಿಹಾರ ಹೇಳಿತು. ಅಲ್ಲಿ ವಾದದ ತಿರುಳು ಪಿಸ್ಟನ್ ರಿಂಗುಗಳ ದೋಷವಾಗಿತ್ತು. ರಿಂಗ್ ಸವೆದ ಎಂಜಿನ್ನನ್ನು ಪೋರ್ಟಿಗೆ ಸಿಕ್ಕಿಸಿದ ಸಾಧನ ರಿಪೇರಿ ಮಾಡಲಾರದು.

ಎರಡನೆಯದು ಲಿಫ್ಟರ್. ವಿರಾಮದ ಲಿಫ್ಟರ್ ಹಲವು ಬಗೆಯಲ್ಲಿ ಕೆಡುತ್ತದೆ. ಪಿನ್ ಪೂರ್ತಿ ಹೊರಬಾರದೆ ಅರೆಬರೆ ಕೂತು ಅಂಚು ಸವೆಯಬಹುದು. ಒಳಭಾಗ ಕೆಳಗೇ ಸಿಕ್ಕಿಕೊಳ್ಳಬಹುದು. ಕ್ಯಾಮ್ ಮೇಲೆ ಉರುಳುವ ರೋಲರಿನ ಸೂಜಿ ಬೇರಿಂಗ್ ಪುಡಿಯಾಗಬಹುದು. ಲಿಫ್ಟರ್ ತನ್ನ ಗೂಡಿನಲ್ಲಿ ತಿರುಗಿ ಕ್ಯಾಮನ್ನು ಕೆತ್ತಬಹುದು. ಪಿನ್ನಿನ ಸವೆತಕ್ಕೂ ಅದು ಎಷ್ಟು ಸಲ ಒಳಹೊರಗೆ ಆಡುತ್ತದೆ ಎಂಬುದಕ್ಕೂ ನಂಟಿರುವುದು ಸಹಜ. ಆ ಮಟ್ಟಿಗೆ ಸಾಧನದ ಪರ ವಾದಕ್ಕೆ ತೂಕವಿದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ರೋಲರ್ ಬೇರಿಂಗಿಗೆ ಎಂಟರಲ್ಲಿ ಓಡುವಾಗಲೂ ದುಡಿಮೆ ಇದ್ದೇ ಇದೆ. ವಾಲ್ವು ನಿಜವಾಗಿ ತೆರೆಯುವಾಗ ಅದರ ಮೇಲಿನ ಭಾರ ವಿರಾಮದಲ್ಲಿದ್ದಾಗಿನದಕ್ಕಿಂತ ಹೆಚ್ಚು. ಎರಡು ತುಂಡಿನ ಲಿಫ್ಟರ್ ಎರಡು ತುಂಡಿನದಾಗಿಯೇ ಉಳಿಯುತ್ತದೆ. ಅದನ್ನು ನಿಜವಾಗಿ ತೊಲಗಿಸಬೇಕಾದರೆ ಎಂಜಿನ್ ಬಿಚ್ಚಿ ಸಾಮಾನ್ಯ ಲಿಫ್ಟರ್, ಬೇರೆ ಕ್ಯಾಮ್‌ಶಾಫ್ಟ್, ಬೇರೆ ವ್ಯಾಲಿ ಕವರ್ ಕೂರಿಸಿ ಇಸಿಯು ಪ್ರೋಗ್ರಾಂ ತಿದ್ದಬೇಕು. ಅದು ಸಾವಿರಾರು ಡಾಲರಿನ ಕೆಲಸ. ಸಾಧನ ಸಿಕ್ಕಿಸಿದ್ದಕ್ಕೂ ಈ ಕೆಲಸಕ್ಕೂ ಮಾತಿನಲ್ಲಿ ‘ವಿರಾಮ ತೆಗೆಸಿದೆ’ ಎನ್ನುವುದುಂಟು, ಗೊಂದಲದ ಒಂದು ಬೇರು ಅಲ್ಲೇ ಇದೆ.

ಹಾಗಾದರೆ ‘ಸಾಧನ ಹಾಕಿ ಲಕ್ಷ ಮೈಲಿ ಓಡಿಸಿದೆ, ಏನೂ ಆಗಿಲ್ಲ’ ಎನ್ನುವವರ ಮಾತು? ಅವರು ಸುಳ್ಳು ಹೇಳುತ್ತಿಲ್ಲ. ಸಾಧನ ಹಾಕದೆ ಲಕ್ಷ ಮೈಲಿ ಓಡಿಸಿ ಏನೂ ಆಗದವರು ಮಾತ್ರ ಬಂದು ಹೇಳಿಕೊಳ್ಳುವುದಿಲ್ಲ. ಹಣ ಕೊಟ್ಟು ಸಾಧನ ತರಿಸುವವರು ಆಯಿಲನ್ನೂ ಬೇಗ ಬದಲಿಸುವವರು, ಡಿಪ್‌ಸ್ಟಿಕ್ ಎಳೆದು ನೋಡುವವರು. ಆಯಿಲ್ ಒತ್ತಡದ ಮೇಲೆಯೇ ನಿಂತಿರುವ ಲಿಫ್ಟರಿಗೆ ಈ ಕಾಳಜಿಯೊಂದೇ ದೊಡ್ಡ ರಕ್ಷೆ. ಉಳಿದದ್ದು ಸಾಧನದಿಂದಲೋ ಮಾಲೀಕರ ಶಿಸ್ತಿನಿಂದಲೋ ಎಂಬುದನ್ನು ಇಂಥ ಸಾಕ್ಷ್ಯದಿಂದ ಬೇರ್ಪಡಿಸಲು ಬರುವುದಿಲ್ಲ. ಇನ್ನೊಂದು ತೊಡಕೂ ಇದೆ: 60,000 ಮೈಲಿಯ ಮೇಲೆ ಸಾಧನ ಹಾಕಿದ ಗಾಡಿ ಆಗಲೇ ತನ್ನ ಹುಟ್ಟುದೋಷದ ಪರೀಕ್ಷೆ ಪಾಸಾಗಿ ಬಂದದ್ದು. ಅದಕ್ಕೂ ಮೊದಲೇ ಕೆಟ್ಟವು ಲೆಕ್ಕದಿಂದ ಹೊರಗುಳಿದಿವೆ.

ಬೆಲೆಯ ಕಡೆಗೆ ನೋಡೋಣ. ಸಿಲಿಂಡರ್ ವಿರಾಮ ಇಲ್ಲದಿದ್ದರೆ ಎಷ್ಟು ಪೆಟ್ರೋಲ್ ಹೆಚ್ಚು ಬೇಕು ಎಂಬುದಕ್ಕೆ ಕಂಪನಿಯದೇ ಉತ್ತರ ಆಕಸ್ಮಿಕವಾಗಿ ಸಿಕ್ಕಿತು. 2021ರ ಮಾರ್ಚಿನಲ್ಲಿ ಚಿಪ್ ಕೊರತೆಯಿಂದಾಗಿ ಜನರಲ್ ಮೋಟರ್ಸ್ ಕೆಲವು ಪಿಕಪ್ಪುಗಳನ್ನು ಈ ವ್ಯವಸ್ಥೆಯ ನಿಯಂತ್ರಕವಿಲ್ಲದೆ ತಯಾರಿಸಿತು, ಅವುಗಳ ಮೈಲೇಜ್ ಗ್ಯಾಲನ್ನಿಗೆ ಒಂದು ಮೈಲಿ ಕಡಿಮೆ ಎಂದು ಹೇಳಿತು. 18 ಕೊಡುವ ಗಾಡಿ 17 ಕೊಟ್ಟರೆ ವರ್ಷಕ್ಕೆ 12,000 ಮೈಲಿ ಓಡಿಸುವವರಿಗೆ ಸುಮಾರು 39 ಗ್ಯಾಲನ್, ಎಂದರೆ 148 ಲೀಟರ್ ಹೆಚ್ಚು ಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ ಗ್ಯಾಲನ್ ಪೆಟ್ರೋಲ್ ಉರಿದರೆ 8,887 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 39 ಗ್ಯಾಲನ್ನಿಗೆ ಸುಮಾರು 350 ಕಿಲೋ. ಒಬ್ಬ ಮಾಲೀಕರ ಜೇಬಿಗೆ ಇದು ದೊಡ್ಡ ಹೊರೆಯಲ್ಲ, ಒಂದು ಲಿಫ್ಟರ್ ರಿಪೇರಿಯ ಮುಂದೆ ಏನೂ ಅಲ್ಲ. ಲಕ್ಷಾಂತರ ಗಾಡಿ ಮಾರುವ ಕಂಪನಿಗೆ ಮಾತ್ರ, ಮೈಲೇಜಿನ ದಂಡ 2025ರಲ್ಲಿ ಸೊನ್ನೆಯಾಗುವವರೆಗೆ, ಆ ಒಂದು ಮೈಲಿಯೇ ದಂಡ ಕಟ್ಟುವುದಕ್ಕೂ ಕಟ್ಟದಿರುವುದಕ್ಕೂ ನಡುವಿನ ಅಂತರವಾಗಬಹುದಿತ್ತು. ಉಳಿತಾಯ ಸಮಾಜದ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ಹೋಗುತ್ತದೆ, ರಿಪೇರಿಯ ಅಪಾಯ ವಾರಂಟಿ ಮುಗಿದ ಮೇಲೆ ಮಾಲೀಕರ ಪಾಲಿಗೆ ಉಳಿಯುತ್ತದೆ. ಸಾಧನ ಮಾರಾಟವಾಗುವುದು ಈ ಅಸಮತೆಯಿಂದ ಎಂದು ನನಗನಿಸುತ್ತದೆ.

ಕಾನೂನಿನ ಬಗ್ಗೆ ಚುಟುಕಾಗಿ. ಅಮೆರಿಕದ ಶುದ್ಧ ಗಾಳಿ ಕಾಯಿದೆಯ 203ನೇ ಸೆಕ್ಷನ್ ಹೊಗೆ ನಿಯಂತ್ರಣದ ಭಾಗಗಳನ್ನು ನಿಷ್ಕ್ರಿಯಗೊಳಿಸುವುದನ್ನೂ ಅದಕ್ಕೆಂದೇ ಸಾಧನ ಮಾರುವುದನ್ನೂ ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಹೊರಗಿನ ಭಾಗಗಳಿಗೆ ಅಲ್ಲಿನ ವಾಯು ಮಂಡಳಿಯ ಆದೇಶ ಸಂಖ್ಯೆ ಇರಬೇಕು. ಕೊಳ್ಳುವ ಮುನ್ನ ಅದನ್ನು ಕೇಳುವುದು ಮೇಲು. 1975ರ ಮ್ಯಾಗ್ನುಸನ್ ಮಾಸ್ ಕಾಯಿದೆಯ ಪ್ರಕಾರ, ಹೊರಗಿನ ಸಾಧನ ಹಾಕಿದ್ದೀರಿ ಎಂಬ ಒಂದೇ ನೆವದಿಂದ ವಾರಂಟಿ ನಿರಾಕರಿಸಲು ಬರುವುದಿಲ್ಲ, ಕೆಡುಕು ಅದರಿಂದಲೇ ಆಯಿತೆಂದು ಕಂಪನಿ ತೋರಿಸಬೇಕು.

ನಮ್ಮಲ್ಲಿ ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್ ಗಾಡಿಗಳ 1.5 ಲೀಟರ್ ಟಿಎಸ್‌ಐ ಎಂಜಿನ್ನಿನಲ್ಲಿ 2021ರಿಂದ ಸಿಲಿಂಡರ್ ವಿರಾಮ ಇದೆ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಹಗುರವಾಗಿ ಓಡಿಸುವಾಗ ನಡುವಿನ ಎರಡು ಸಿಲಿಂಡರುಗಳು ನಿಲ್ಲುತ್ತವೆ, ಫಲಕದಲ್ಲಿ ಎರಡು ಸಿಲಿಂಡರ್ ಎಂದು ಮೂಡುತ್ತದೆ. ಆದರೆ ಇಲ್ಲಿ ಬೀಗ ಹಾಕುವ ಪಿನ್ನಿನ ಲಿಫ್ಟರ್ ಇಲ್ಲ. ವಿದ್ಯುತ್ಕಾಂತದ ಪಿನ್ನೊಂದು ಇಳಿದು ಕ್ಯಾಮಿನ ಹೊರಕೊಳವೆಯನ್ನು ಪಕ್ಕಕ್ಕೆ ಸರಿಸುತ್ತದೆ, ವಾಲ್ವನ್ನು ಎತ್ತುವ ಉಬ್ಬಿನ ಬದಲು ಉಬ್ಬಿಲ್ಲದ ಭಾಗ ಬಂದು ಕೂರುತ್ತದೆ. ಅಮೆರಿಕದ ವಿ8ಗಳ ದೂರನ್ನು ಓದಿ ಇಲ್ಲಿನ ಗಾಡಿಗೂ ಅದೇ ಭಯ ಪಡುವುದಕ್ಕೆ ಆಧಾರವಿಲ್ಲ, ಅಲ್ಲಿನ ಸಾಧನವೂ ಇಲ್ಲಿಗೆ ಹೊಂದುವುದಿಲ್ಲ.

ಆಯುಷ್ಯದ ಪ್ರಶ್ನೆ ಇತ್ಯರ್ಥವಾಗಬೇಕಾದರೆ ಒಂದೇ ವರ್ಷದ, ಒಂದೇ ಎಂಜಿನ್ ಸಂಕೇತದ ಗಾಡಿಗಳು ಬೇಕು. ಹೊಸತಿದ್ದಾಗಲೇ ಅರ್ಧಕ್ಕೆ ಸಾಧನ ಸಿಕ್ಕಿಸಬೇಕು, ಎಲ್ಲಕ್ಕೂ ಒಂದೇ ದರ್ಜೆಯ ಆಯಿಲನ್ನು ಒಂದೇ ಅವಧಿಗೆ ಬದಲಿಸಬೇಕು. ಮಾಲೀಕರೊಬ್ಬರೇ ಇಷ್ಟು ಮಾಡಲಾರರು. ಅವರು ಮಾಡಬಹುದಾದದ್ದು ಸಾಧನ ಹಾಕಿದ ದಿನದ ಓಡೋಮೀಟರ್ ಅಂಕಿ, ಅದಕ್ಕೆ ಮೊದಲು ಮತ್ತು ನಂತರ ಸುರಿದ ಆಯಿಲಿನ ಪ್ರಮಾಣ, ಬದಲಿಸಿದ ತಾರೀಕು ಇವನ್ನು ಬರೆದಿಡುವುದು. ಲಿಫ್ಟರ್ ಹೋದರೆ ಯಾವ ಸಿಲಿಂಡರಿನದು, ಪಿನ್ ಸವೆದದ್ದೋ ರೋಲರ್ ಮುರಿದದ್ದೋ ಎಂದು ಮೆಕ್ಯಾನಿಕ್ಕಿನಿಂದ ಕೇಳಿ ತಿಳಿದುಕೊಂಡು, ಬಿಚ್ಚಿದ ಭಾಗವನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳುವುದು.